11 ವರ್ಷದ ಮಗನಿಗೆ ಫ್ಯಾಟಿ ಲಿವರ್ ಅಂದ್ರು, ಏನು ತಿನ್ನಿಸಲಿ?

ಓದುಗರ ಪ್ರಶ್ನೆ: ನಮ್ಮದು ದಾವಣಗೆರೆ. ಮಗನಿಗೆ 11 ವರ್ಷ, 6ನೇ ಕ್ಲಾಸು, ಎತ್ತರ 143 ಸೆಂ.ಮೀ., ತೂಕ 54 ಕೆ.ಜಿ. ಹೋದ ತಿಂಗಳು ಹೊಟ್ಟೆನೋವು ಅಂತ ಸ್ಕ್ಯಾನ್ ಮಾಡಿಸಿದಾಗ ಗ್ರೇಡ್ 2 ಫ್ಯಾಟಿ ಲಿವರ್ ಅಂತ ಬಂತು, ರಕ್ತದಲ್ಲಿ ಎಸ್‌ಜಿಪಿಟಿ 78 ಇದೆ. ಡಾಕ್ಟರು ತೂಕ ಇಳಿಸಿ, ಎಣ್ಣೆ ಪದಾರ್ಥ ಕಮ್ಮಿ ಮಾಡಿ ಅಂದು ಒಂದು ಲಿವರ್ ಟಾನಿಕ್ ಬರ್ಕೊಟ್ರು. ನಮ್ಮನೆಯವರಿಗೆ ಶುಗರ್ ಇದೆ, ಅವರು ಹೆದರಿ ಮಗನಿಗೆ ಅನ್ನ, ತುಪ್ಪ, ಮೊಟ್ಟೆ ಎಲ್ಲಾ ಬಂದ್ ಮಾಡಿ ರಾತ್ರಿ ಎರಡು ಚಪಾತಿ ಮಾತ್ರ ಅಂತ ರೂಲ್ಸ್ ಮಾಡಿದಾರೆ. ಅತ್ತೆಯವರು "ಬೆಳೆಯೋ ಹುಡುಗ, ವಯಸ್ಸಿಗೆ ಬಂದ್ರೆ ಇಳೀತಾನೆ ಬಿಡಿ" ಅಂತಾರೆ, ನಾದಿನಿ ನೆಲನೆಲ್ಲಿ ರಸ ಕುಡಿಸಿ ಅಂತಾರೆ. ಮೊನ್ನೆ ಅವನ ಹಾಸಿಗೆ ಕೆಳಗೆ ಕ್ರೀಂ ಬಿಸ್ಕತ್ ಕವರ್‌ಗಳು ಸಿಕ್ಕವು, ಬೈದಿದ್ದಕ್ಕೆ ಎರಡು ದಿನ ಸರಿಯಾಗಿ ಮಾತಾಡ್ಲಿಲ್ಲ. ಕುಡಿಯೋರಿಗೆ ಬರೋ ಕಾಯಿಲೆ ನನ್ನ ಮಗನಿಗೆ ಹೇಗೆ ಬಂತು? ಮುಂದೆ ಲಿವರ್ ಕೆಟ್ಟು ಹೋಗತ್ತಾ? ನಾನು ಏನು ತಿನ್ನಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎರಡು ಭಯ ಕಾಣ್ತಿದೆ, ಒಂದು ಲಿವರ್ ಬಗ್ಗೆ, ಇನ್ನೊಂದು ಮಗ ನಿಮ್ಮಿಂದ ಮುಚ್ಚಿಟ್ಟು ತಿನ್ನೋಕೆ ಶುರು ಮಾಡಿದಾನಲ್ಲ ಅನ್ನೋದರ ಬಗ್ಗೆ. ಎರಡಕ್ಕೂ ಉತ್ತರ ಹೇಳ್ತೀನಿ, ಆದ್ರೆ ಎರಡನೇದೇ ನನಗೆ ಹೆಚ್ಚು ಮುಖ್ಯ ಅನ್ಸತ್ತೆ. ಯಾಕಂದ್ರೆ ಈ ವಯಸ್ಸಲ್ಲಿ ಲಿವರ್ ಸರಿಹೋಗೋಕೆ ಬಹಳ ಅವಕಾಶ ಇದೆ, ಊಟದ ಜೊತೆ ಮಗುವಿನ ಸಂಬಂಧ ಒಂದು ಸಲ ಕೆಟ್ರೆ ಅದನ್ನ ಸರಿ ಮಾಡೋದು ತುಂಬಾ ಕಷ್ಟ.

ಮೊದಲು ರಿಪೋರ್ಟ್ ನೋಡೋಣ. ಗ್ರೇಡ್ 2 ಅಂದ ತಕ್ಷಣ ಎಷ್ಟೋ ಜನ ತಂದೆ ತಾಯಿ ಕ್ಯಾನ್ಸರ್ ಸ್ಟೇಜ್ ಥರ ತಿಳ್ಕೊಂಡು ಅಳ್ತಾ ಬರ್ತಾರೆ. ಸ್ಕ್ಯಾನ್‌ನಲ್ಲಿ ಲಿವರ್ ಎಷ್ಟು ಬೆಳ್ಳಗೆ ಕಾಣ್ತು ಅನ್ನೋದಷ್ಟೇ ಆ ಗ್ರೇಡ್, ಲಿವರ್ ಎಷ್ಟು ಹಾಳಾಗಿದೆ ಅಂತ ಅದು ಹೇಳೋದಿಲ್ಲ. ಹೊಟ್ಟೆನೋವಿಗೂ ಇದಕ್ಕೂ ಸಂಬಂಧ ಇರೋದು ಕಮ್ಮಿ, ಈ ವಯಸ್ಸಲ್ಲಿ ಹೊಟ್ಟೆನೋವಿಗೆ ಮಲಬದ್ಧತೆನೇ ಎಷ್ಟೋ ಸಲ ಕಾರಣ ಆಗಿರತ್ತೆ, ಅದನ್ನ ಬೇರೆಯಾಗಿ ವಿಚಾರಿಸಿ. ಆದ್ರೆ ಎಸ್‌ಜಿಪಿಟಿ, ಅಂದ್ರೆ ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರೋ ಕಿಣ್ವ, 78 ಇರೋದನ್ನ ಹಗುರವಾಗಿ ತಗೋಬೇಡಿ. ಲ್ಯಾಬ್ ಶೀಟ್‌ನಲ್ಲಿ 40, 45 ಅಂತ ನಾರ್ಮಲ್ ರೇಂಜ್ ಹಾಕಿರ್ತಾರೆ, ಅದು ಮಕ್ಕಳಿಗೆ ಸರಿ ಹೊಂದೋ ಅಳತೆ ಅಲ್ಲ. ಮಕ್ಕಳ ಲಿವರ್ ನೋಡೋ ನಾವು ಗಂಡು ಮಕ್ಕಳಿಗೆ 26, ಹೆಣ್ಣು ಮಕ್ಕಳಿಗೆ 22ಕ್ಕಿಂತ ಮೇಲಿದ್ರೆ ಹೆಚ್ಚು ಅಂತಲೇ ಲೆಕ್ಕ ಹಾಕ್ತೀವಿ. ಅಂದ್ರೆ ನಿಮ್ಮ ಮಗನದು ಮೂರು ಪಟ್ಟು. ಬರೀ ಕೊಬ್ಬು ಸೇರಿರೋದಷ್ಟೇ ಅಲ್ಲ, ಸ್ವಲ್ಪ ಉರಿಯೂತನೂ ಇರಬಹುದು ಅಂತ ಅನುಮಾನ ಪಡೋ ಮಟ್ಟ ಅದು.

ಹಾಗಾಗಿ ಊಟದ ಮಾತಿಗಿಂತ ಮುಂಚೆ ಒಂದು ವಿಷಯ. ದಪ್ಪ ಇದಾನೆ, ಲಿವರ್‌ನಲ್ಲಿ ಕೊಬ್ಬಿದೆ, ಸರಿ ಫ್ಯಾಟಿ ಲಿವರ್ ಅಂತ ಅಲ್ಲಿಗೇ ಫೈಲ್ ಮುಚ್ಚಬಾರದು. ಹೆಪಟೈಟಿಸ್ ಬಿ ಮತ್ತು ಸಿ, ಥೈರಾಯ್ಡ್, ಆಟೋಇಮ್ಯೂನ್ ಹೆಪಟೈಟಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ಲಿವರ್ ಮೇಲೆ ದಾಳಿ ಮಾಡೋದು), ಸೀಲಿಯಾಕ್ (ಗೋಧಿ ಒಗ್ಗದ ಕಾಯಿಲೆ), ಮತ್ತೆ ನಮ್ಮ ದೇಶದಲ್ಲಿ ಮರೀಲೇಬಾರದಿದ್ದು ವಿಲ್ಸನ್ ಕಾಯಿಲೆ, ಅಂದ್ರೆ ದೇಹದಲ್ಲಿ ತಾಮ್ರ ಶೇಖರಣೆ ಆಗೋದು, ಇವು ಯಾವುದೂ ಅಲ್ಲ ಅಂತ ಖಚಿತ ಮಾಡ್ಕೋಬೇಕು. ವಿಲ್ಸನ್ ಕಾಯಿಲೆಯೂ ಸ್ಕ್ಯಾನ್‌ನಲ್ಲಿ ಥೇಟ್ ಫ್ಯಾಟಿ ಲಿವರ್ ಥರಾನೇ ಕಾಣಬಹುದು, ಬೇಗ ಹಿಡಿದ್ರೆ ಔಷಧಿ ಇದೆ, ತಡ ಆದ್ರೆ ಅನಾಹುತ. ಸೆರುಲೋಪ್ಲಾಸ್ಮಿನ್ ಅನ್ನೋ ರಕ್ತ ಪರೀಕ್ಷೆಯಿಂದ ಶುರು ಮಾಡ್ತೀವಿ, ಕಣ್ಣಿನ ಡಾಕ್ಟರ ಹತ್ರನೂ ತೋರಿಸ್ತೀವಿ. ಇದರ ಸುಳಿವು ಏನಾದ್ರೂ ಇದೆಯಾ, ಅಂದ್ರೆ ಮಗನ ಕೈಬರಹ ಇತ್ತೀಚೆಗೆ ಕೆಟ್ಟಿದೆಯಾ, ಮಾತು ತೊದಲ್ತಾ ಇದೆಯಾ, ಓದಿನಲ್ಲಿ ಇದ್ದಕ್ಕಿದ್ದಂಗೆ ಹಿಂದೆ ಬಿದ್ದನಾ ಅಂತ ಹಳೇ ನೋಟ್ ಬುಕ್ ಇಟ್ಕೊಂಡು ಒಂದು ಸಲ ನೋಡಿ. ಜೊತೆಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಶುಗರ್ ಸರಾಸರಿ), ಕೊಲೆಸ್ಟ್ರಾಲ್, ಬಿಪಿ ಎಲ್ಲಾ ಆಗಲಿ. ಕುತ್ತಿಗೆ ಹಿಂದೆ ಕಪ್ಪಗೆ, ದಪ್ಪಗೆ ಆಗಿದೆಯಾ ನೋಡಿ, ಕೊಳೆ ಅಂತ ಸ್ಕ್ರಬ್ಬರ್ ಹಾಕಿ ಉಜ್ಜೋ ತಾಯಂದಿರು ಬಹಳ ಜನ ಇದಾರೆ, ಅದು ಕೊಳೆ ಅಲ್ಲ, ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋದರ ಗುರುತು. ರಾತ್ರಿ ಜೋರಾಗಿ ಗೊರಕೆ ಹೊಡೀತಾನಾ ಅಂತನೂ ಡಾಕ್ಟರಿಗೆ ಹೇಳಿ.

ಕುಡಿಯೋರಿಗೆ ಬರೋದು ಮಗನಿಗೆ ಹೇಗೆ ಬಂತು ಅಂತ ಕೇಳಿದ್ರಿ. ಇದಕ್ಕೂ ಹೆಂಡಕ್ಕೂ ಸಂಬಂಧ ಇಲ್ಲ, 2023ರಲ್ಲಿ ಈ ಕಾಯಿಲೆಯ ಹೆಸರನ್ನೇ ಬದಲಾಯಿಸಿ ಇದು ಮೆಟಬಾಲಿಸಂನ, ಅಂದ್ರೆ ತಿಂದಿದ್ದನ್ನ ದೇಹ ಬಳಸ್ಕೊಳ್ಳೋ ರೀತಿಯ ತೊಂದರೆ ಅಂತ ಸ್ಪಷ್ಟ ಮಾಡಿದ್ರು. ನಡೆಯೋದು ಇಷ್ಟು. ನಾವು ತಿಂದ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸ್‌ನ್ನ ಇಡೀ ದೇಹ ಬಳಸ್ಕೊಳ್ಳತ್ತೆ, ಫ್ರಕ್ಟೋಸ್‌ನ ಬಹುಪಾಲು ಲಿವರೇ ಸಂಭಾಳಿಸಬೇಕು, ಒಂದೇ ಸಲ ಜಾಸ್ತಿ ಬಂದ್ರೆ ಅದು ಅದನ್ನ ಕೊಬ್ಬಾಗಿ ಮಾಡಿ ಅಲ್ಲೇ ಇಟ್ಕೊಳ್ಳತ್ತೆ. ಹೊಟ್ಟೆ ಸುತ್ತ ಸೇರಿದ ಕೊಬ್ಬು ಕೂಡ ರಕ್ತದ ಮೂಲಕ ಲಿವರ್‌ಗೇ ಹೋಗತ್ತೆ. ಇದರ ಮೇಲೆ ವಂಶದ ಪಾಲು, ಅಪ್ಪನಿಗೆ ಶುಗರ್ ಇದೆ ಅಂದ್ರಲ್ಲ, ಅದು ಇಲ್ಲಿ ಲೆಕ್ಕಕ್ಕೆ ಬರತ್ತೆ. ನಮ್ಮ ಕಡೆಯವರಿಗೆ ತೂಕ ಸ್ವಲ್ಪ ಜಾಸ್ತಿ ಆದ್ರೂ ಕೊಬ್ಬು ಮೊದಲು ಹೊಟ್ಟೆಗೇ ಬರತ್ತೆ, ಅದಕ್ಕೆ ನಾನು ಬರೀ ತೂಕ ನೋಡೋದಿಲ್ಲ, ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಮ್ಮಿ ಇರ್ಬೇಕು ಅಂತ ನೋಡ್ತೀನಿ, ನಿಮ್ಮ ಮಗನಿಗೆ ಅದು 71 ಸೆಂ.ಮೀ. ಆಸುಪಾಸು. ಅಂದ್ರೆ ಇದು ಅವನ ಹೊಟ್ಟೆಬಾಕತನದಿಂದ ಬಂದ ಶಿಕ್ಷೆ ಅಲ್ಲ, ದಯವಿಟ್ಟು ಮನೇಲಿ ಯಾರೂ ಹಾಗೆ ಮಾತಾಡ್ಬೇಡಿ.

ಲಿವರ್ ಕೆಟ್ಟು ಹೋಗತ್ತಾ? ಹೆಚ್ಚಿನ ಮಕ್ಕಳಲ್ಲಿ ಇಲ್ಲ. ಕೆಲವರಲ್ಲಿ ಉರಿಯೂತ ಆಗಿ, ವರ್ಷಗಳು ಕಳೆದ ಮೇಲೆ ಲಿವರ್ ಗಟ್ಟಿಯಾಗ್ತಾ ಹೋಗೋದು ನಿಜ, ಯಾರಿಗೆ ಹಾಗಾಗತ್ತೆ ಅಂತ ಮೊದಲೇ ಹೇಳೋಕೆ ಬರಲ್ಲ, ಅದಕ್ಕೇ ಫಾಲೋಅಪ್ ಬೇಕು. ಅತ್ತೆಯವರು ಹೇಳೋ "ವಯಸ್ಸಿಗೆ ಬಂದ್ರೆ ಇಳೀತಾನೆ" ಅನ್ನೋದರಲ್ಲಿ ಅರ್ಧ ಸತ್ಯ ಇದೆ, ಅವರನ್ನ ಪೂರ್ತಿ ತಳ್ಳಿ ಹಾಕ್ಬೇಡಿ. ಈಗಿಂದ ಎರಡು ಮೂರು ವರ್ಷದಲ್ಲಿ ಹುಡುಗ ಸರಸರ ಎತ್ತರ ಆಗ್ತಾನೆ. 143 ಸೆಂ.ಮೀ.ಗೆ 54 ಕೆ.ಜಿ. ಅಂದ್ರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 26ರ ಮೇಲೆ, ಅದೇ 54 ಕೆ.ಜಿ.ಯಲ್ಲೇ ನಿಂತು 150 ಸೆಂ.ಮೀ. ಆದ್ರೆ 24ಕ್ಕೆ ಬರತ್ತೆ, ಒಂದು ಕೆ.ಜಿ.ಯೂ ಇಳಿಸದೇ. ಆದ್ರೆ ತೂಕ ತಾನಾಗೇ ನಿಲ್ಲಲ್ಲ, ಈಗಿನ ರೀತಿಯಲ್ಲೇ ಹೋದ್ರೆ ಎತ್ತರದ ಜೊತೆ ಅದೂ ಏರತ್ತೆ. ಹಾಗಾಗಿ ಸದ್ಯಕ್ಕೆ ನಮ್ಮ ಗುರಿ ತೂಕ ಇಳಿಸೋದಲ್ಲ, ಹಿಡಿದು ನಿಲ್ಲಿಸೋದು. ಇದನ್ನ ಮನೆಯವರಿಗೆಲ್ಲಾ ಹೇಳಿ, ಅರ್ಧ ಗಲಾಟೆ ಅಲ್ಲೇ ಕಮ್ಮಿ ಆಗತ್ತೆ.

ಈಗ ಊಟಕ್ಕೆ ಬರ್ತೀನಿ. ಇಲ್ಲಿ ಪೂರ್ತಿ ಹಾಕದ ನಿಮ್ಮ ಪತ್ರದ ಕೊನೆಗೆ ಅವನ ಒಂದು ದಿನ ಬರ್ದಿದ್ದೀರಿ, ಅದು ನನಗೆ ಯಾವ ರಿಪೋರ್ಟ್‌ಗಿಂತ ಹೆಚ್ಚು ಉಪಯೋಗ ಆಯ್ತು. ಬೆಳಿಗ್ಗೆ ಏಳೂವರೆಗೆ ಸ್ಕೂಲ್ ವ್ಯಾನು, ತಿಂಡಿ ಇಲ್ಲ, ಮಾಲ್ಟ್ ಪೌಡರ್ ಮತ್ತೆ ಎರಡು ಚಮಚ ಸಕ್ಕರೆ ಹಾಕಿದ ಹಾಲು. ಮಧ್ಯಾಹ್ನ ಡಬ್ಬಿಗೆ ಚಿತ್ರಾನ್ನ ಅಥವಾ ಚಪಾತಿ ಜಾಮ್, ಅರ್ಧ ವಾಪಸ್ ತರ್ತಾನೆ. ನಾಲ್ಕೂವರೆಗೆ ಬಂದು ಮಾವಿನ ಜ್ಯೂಸ್ ಪ್ಯಾಕೆಟ್, ಕ್ರೀಂ ಬಿಸ್ಕತ್ತು, ವಾರಕ್ಕೆ ಎರಡು ಮೂರು ದಿನ ಅಜ್ಜಿ ಕೊಟ್ಟ ದುಡ್ಡಲ್ಲಿ ಬೇಕರಿ ಪಫ್ಸ್ ಇಲ್ಲಾ ಮಂಡಕ್ಕಿ ಮೆಣಸಿನಕಾಯಿ. ಟ್ಯೂಷನ್, ಆಮೇಲೆ ಮತ್ತೆ ಮಾಲ್ಟ್ ಹಾಲು, ರಾತ್ರಿ ಒಂಬತ್ತೂವರೆಗೆ ಫೋನ್ ನೋಡ್ತಾ ಊಟ. ಇದರಲ್ಲಿ ಸಕ್ಕರೆ ಎಷ್ಟು ಅಂತ ಕೂತು ಲೆಕ್ಕ ಹಾಕಿದೆ. ಎರಡು ಲೋಟ ಮಾಲ್ಟ್ ಹಾಲಿನಲ್ಲಿ ಪೌಡರ್‌ನ ಸಕ್ಕರೆ, ಮೇಲಿನ ಸಕ್ಕರೆ ಸೇರಿ ಸುಮಾರು 35 ಗ್ರಾಂ, 200 ಎಂ.ಎಲ್. ಜ್ಯೂಸ್‌ನಲ್ಲಿ 20ರಿಂದ 25 ಗ್ರಾಂ, ನಾಲ್ಕು ಕ್ರೀಂ ಬಿಸ್ಕತ್‌ನಲ್ಲಿ 15 ಗ್ರಾಂ ಹತ್ರ. ಎಲ್ಲಾ ಸೇರಿ 70 ದಾಟ್ತು. ಮಕ್ಕಳಿಗೆ ಹೊರಗಿಂದ ಹಾಕೋ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿರಲಿ ಅನ್ನೋದು ಸಾಮಾನ್ಯ ಸಲಹೆ. ಪ್ಯಾಕೆಟ್ ಹಿಂದೆ ಸಣ್ಣಕ್ಷರದಲ್ಲಿ ಬರ್ದಿರತ್ತೆ, ಮಗನ ಕೈಲೇ ಓದಿಸಿ, ಐದು ಗ್ರಾಂಗೆ ಒಂದು ಚಮಚದಂತೆ ಅವನೇ ತಟ್ಟೆಗೆ ಸಕ್ಕರೆ ಅಳೆದು ಹಾಕಲಿ. ಬೈಗುಳ ಇಲ್ಲದೇ ಅವನಿಗೇ ಅರ್ಥ ಆಗತ್ತೆ.

ಈಗ ನೋಡಿ, ನಿಮ್ಮನೆಯವರು ಬಂದ್ ಮಾಡಿದ್ದು ಅನ್ನ, ತುಪ್ಪ, ಮೊಟ್ಟೆ. ಈ 70 ಗ್ರಾಂ ಸಕ್ಕರೆ ಹಾಗೇ ಉಳೀತು, ಯಾಕಂದ್ರೆ ಅದು ಹಾಲು, ಜ್ಯೂಸು ಅಂತ ಒಳ್ಳೇ ವೇಷದಲ್ಲಿ ಬರ್ತಾ ಇದೆ. ಮಾಲ್ಟ್ ಪೌಡರ್‌ಗಳನ್ನ "ಹೆಲ್ತ್ ಡ್ರಿಂಕ್" ಅನ್ನೋ ವಿಭಾಗದಲ್ಲಿ ಇಟ್ಟು ಮಾರಬೇಡಿ ಅಂತ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಹೇಳ್ತು, ಆದ್ರೂ ಮನೆಗಳಲ್ಲಿ ಅದಿಲ್ಲದೇ ಮಗು ಬೆಳೆಯಲ್ಲ ಅನ್ನೋ ನಂಬಿಕೆ ಹೋಗಿಲ್ಲ. ಮಾಲ್ಟ್ ಬಿಟ್ಟು ಬರೀ ಹಾಲು ಕೊಡಿ, ಎರಡು ಲೋಟ ಸಾಕು. ಸಕ್ಕರೆ ಒಂದೇ ದಿನ ನಿಲ್ಲಿಸಿದ್ರೆ ಕುಡಿಯಲ್ಲ, ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲಿಗೆ ಹೊಂದ್ಕೊಳ್ಳತ್ತೆ. ಬದಲಿಗೆ ಬೆಲ್ಲ, ಜೇನುತುಪ್ಪ ಹಾಕ್ತೀನಿ ಅಂದ್ರೂ ಲಿವರ್‌ಗೆ ಅದೂ ಸಕ್ಕರೇನೇ. ಹಣ್ಣು ಕಚ್ಚಿ ತಿನ್ನಲಿ, ಪೇರಲೆ, ಪಪ್ಪಾಯಿ, ಕಿತ್ತಳೆ, ಬಾಳೆಹಣ್ಣು ಯಾವುದೂ ಬೇಡ ಅನ್ನಬೇಡಿ, ಆದ್ರೆ ಜ್ಯೂಸ್ ಮನೇಲೇ ಮಾಡಿದ್ರೂ ಬೇಡ. ಮೊಟ್ಟೆ ದಿನಕ್ಕೊಂದು ಧಾರಾಳವಾಗಿ ಕೊಡಿ, ಲಿವರ್ ತನ್ನಲ್ಲಿರೋ ಕೊಬ್ಬನ್ನ ಹೊರಗೆ ಕಳಿಸೋಕೆ ಬೇಕಾದ ಕೋಲೀನ್ ಅನ್ನೋ ಪೋಷಕಾಂಶ ಮೊಟ್ಟೇಲೇ ಚೆನ್ನಾಗಿದೆ. ಮುದ್ದೆ ಮೇಲೆ, ಅನ್ನದ ಮೇಲೆ ಒಂದು ಚಮಚ ತುಪ್ಪದಿಂದ ಏನೂ ಆಗಲ್ಲ. ಬೇಕರಿ ಪಫ್ಸು, ಕರಿದಿದ್ದು ಮಾತ್ರ ವಾರಕ್ಕೊಂದು ಸಲಕ್ಕೆ ಬರಲಿ.

ಅನ್ನ ಬಿಡಿಸಿ ಚಪಾತಿ ಕೊಟ್ರೆ ಲಿವರ್ ಸರಿಹೋಗತ್ತೆ ಅನ್ನೋದು ನಾನು ದಿನಾ ಕೇಳೋ ಮಾತು. ಅನ್ನ, ಚಪಾತಿ, ಮುದ್ದೆ, ರೊಟ್ಟಿ, ನಿಮ್ಮ ಮನೇಲಿ ಯಾವುದು ರೂಢಿನೋ ಅದೇ ಇರಲಿ, ತಟ್ಟೇಲಿ ಅದರ ಜಾಗ ಕಾಲು ಭಾಗ. ಇನ್ನೊಂದು ಕಾಲು ಭಾಗ ಕಾಳು, ಬೇಳೆ, ಮೊಟ್ಟೆ, ಮೀನು, ಕೋಳಿ, ಮೊಸರು ಯಾವುದಾದ್ರೂ. ಉಳಿದ ಅರ್ಧ ಪಲ್ಯ, ಸೊಪ್ಪು, ಕೋಸಂಬರಿ. ನಮ್ಮ ಬಸ್ಸಾರು, ಮೊಳಕೆ ಹುಳ್ಳಿಕಾಳು ಸಾರು, ಜೋಳದ ರೊಟ್ಟಿ ಜೊತೆ ಎಣ್ಣೆಗಾಯಿ, ಹೆಸರುಕಾಳು ಉಸಲಿ, ಇವೆಲ್ಲಾ ಫ್ಯಾಟಿ ಲಿವರ್‌ಗೆ ಅಂತಾನೇ ಮಾಡಿದಂಗಿದೆ, ಓಟ್ಸು, ಕ್ವಿನೋವಾ ಹುಡುಕ್ಕೊಂಡು ಹೋಗೋ ಅಗತ್ಯ ಇಲ್ಲ. ಚಿತ್ರಾನ್ನ ಡಬ್ಬಿಗೆ ಹಾಕೋದಾದ್ರೆ ಹಾಕಿ, ಅದರ ಜೊತೆ ಒಂದು ಬೇಯಿಸಿದ ಮೊಟ್ಟೆನೋ ಒಂದು ಮುಷ್ಟಿ ಕಾಳುಸಲಿನೋ ಇರಲಿ, ಬರೀ ಅನ್ನ ತಿಂದ ಹುಡುಗ ಮೂರು ಗಂಟೆಗೆ ಮತ್ತೆ ಹಸ್ಕೊಂಡಿರ್ತಾನೆ.

ಹಾಸಿಗೆ ಕೆಳಗಿನ ಕವರ್ ವಿಷಯಕ್ಕೆ ಬರ್ತೀನಿ. ಕ್ಲಿನಿಕ್‌ನಲ್ಲಿ ನಾನು ಅಪ್ಪ ಅಮ್ಮನ್ನ ಸ್ವಲ್ಪ ಹೊರಗೆ ಕೂರಿಸಿ ಮಗುವನ್ನ ಕೇಳೋದು ಒಂದೇ ಪ್ರಶ್ನೆ, "ದಿನದಲ್ಲಿ ಯಾವಾಗ ತುಂಬಾ ಹಸಿವಾಗತ್ತೆ?" ಹೆಚ್ಚಿನ ಮಕ್ಕಳು ಹೇಳೋದು ಸ್ಕೂಲಿಂದ ಬಂದಾಗ ಅಂತ. ನಿಮ್ಮ ಹುಡುಗನ ದಿನ ನೋಡಿ, ಬೆಳಿಗ್ಗೆ ತಿಂಡಿ ಇಲ್ಲ, ಮಧ್ಯಾಹ್ನ ಅರ್ಧ ಡಬ್ಬಿ, ನಾಲ್ಕೂವರೆಗೆ ಅವನು ಹಸಿದು ಕಂಗಾಲಾಗಿ ಬರ್ತಾನೆ. ಆ ಹೊತ್ತಲ್ಲಿ ಕೈಗೆ ಸಿಗೋದು ಪ್ಯಾಕೆಟ್ಟು. ರಾತ್ರಿ ಎರಡೇ ಚಪಾತಿ ಅಂತ ರೂಲ್ಸ್ ಬಂದ ಮೇಲೆ ಅವನಿಗೆ ಇನ್ನೊಂದು ಭಯ ಸೇರ್ಕೊಂಡಿದೆ, ಆಮೇಲೆ ಸಿಗಲ್ಲ ಅಂತ. ಸಿಗಲ್ಲ ಅನ್ನೋ ಭಯ ಇರೋ ಮಗು ಸಿಕ್ಕಾಗ ಬಚ್ಚಿಡತ್ತೆ, ಬಚ್ಚಿಟ್ಟಿದ್ದನ್ನ ಅವಸರದಲ್ಲಿ ತಿನ್ನತ್ತೆ, ಹೊಟ್ಟೆ ತುಂಬಿದ್ದು ಗೊತ್ತಾಗೋಕೆ ಹದಿನೈದು ಇಪ್ಪತ್ತು ನಿಮಿಷ ಬೇಕು, ಅಷ್ಟರಲ್ಲಿ ಪ್ಯಾಕೆಟ್ ಖಾಲಿ. ಇದು ಕಳ್ಳತನ ಅಲ್ಲ ಅಮ್ಮಾ, ಹಸಿವು ಮತ್ತೆ ನಾಚಿಕೆ. ಬೈದ್ರೆ ಹಸಿವು ಹೋಗಲ್ಲ, ನಾಚಿಕೆ ಜಾಸ್ತಿ ಆಗತ್ತೆ, ಕವರ್ ಬಚ್ಚಿಡೋ ಜಾಗ ಬದಲಾಗತ್ತೆ ಅಷ್ಟೇ.

ಅದಕ್ಕೆ ನಾಲ್ಕೂವರೆ ಹೊತ್ತನ್ನ ನೀವು ಕೈಗೆ ತಗೊಳ್ಳಿ. ಅವನು ಚಪ್ಪಲಿ ಬಿಡೋಷ್ಟರಲ್ಲಿ ತಟ್ಟೆ ಮುಂದೆ ಇರಲಿ, ನಿಜವಾದ ತಿಂಡಿ, ಒಂದು ದೋಸೆ ಚಟ್ನಿ, ಇಲ್ಲಾ ತರಕಾರಿ ಹಾಕಿದ ಅವಲಕ್ಕಿ, ಕಡ್ಲೆಕಾಳು ಉಸಲಿ, ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಕಡ್ಲೆಕಾಯಿ ಬೀಜ ಕಲಸಿದ್ದು, ದಾವಣಗೆರೆಯವರಿಗೆ ಮಂಡಕ್ಕಿ ಬಿಡಿ ಅಂತ ನಾನು ಹೇಳಲ್ಲ, ಪಕ್ಕದ ಮೆಣಸಿನಕಾಯಿ ಬಜ್ಜಿ ಮಾತ್ರ ದಿನಾ ಬೇಡ. ಕುಡಿಯೋಕೆ ನೀರು ಮಜ್ಜಿಗೆ. ಬೆಳಿಗ್ಗೆ ಕೂತು ತಿನ್ನೋಕೆ ಟೈಮ್ ಇಲ್ದಿದ್ರೆ ಒಂದು ಇಡ್ಲಿ, ಒಂದು ಬಾಳೆಹಣ್ಣು, ವ್ಯಾನಲ್ಲೇ ತಿನ್ನಲಿ. ರಾತ್ರಿ ಊಟ ಎಂಟು ಗಂಟೆಗೆ, ಫೋನು ಟಿವಿ ಆಫ್, ಅಪ್ಪನದೂ ಸೇರಿ. ಏನು ಮಾಡೋದು, ಎಷ್ಟೊತ್ತಿಗೆ ಬಡಿಸೋದು ಅನ್ನೋದು ನಿಮ್ಮ ಕೈಲಿರಲಿ, ಎಷ್ಟು ತಿನ್ನೋದು ಅನ್ನೋದನ್ನ ಅವನಿಗೆ ಬಿಡಿ. ಇನ್ನೊಂದು ಸಲ ಬೇಕು ಅಂದ್ರೆ ಸ್ವಲ್ಪ ಹೊತ್ತು ಮಾತಾಡ್ತಾ ಕೂತು ಆಮೇಲೆ ಬಡಿಸಿ, ಮೊದಲು ಪಲ್ಯ ಕಾಳು, ಆಮೇಲೆ ಅನ್ನ. ತಟ್ಟೇಲಿ ಬಿಟ್ರೆ ಬಲವಂತ ಮಾಡ್ಬೇಡಿ, ತಿಂದ್ರೆ ಐಸ್‌ಕ್ರೀಂ ಕೊಡಿಸ್ತೀನಿ ಅನ್ನೋ ಲಂಚ ಬೇಡ. ಮದುವೆ, ಹಬ್ಬ, ಹುಟ್ಟುಹಬ್ಬದಲ್ಲಿ ಹೋಳಿಗೆ, ಕೇಕ್ ಎಲ್ಲರ ಜೊತೆ ಅವನೂ ತಿನ್ನಲಿ, ಅವನೊಬ್ಬನ ತಟ್ಟೆ ಮಾತ್ರ ಬೇರೆ ಮಾಡಿದ್ರೆ ಅದನ್ನ ಅವನು ಮರೆಯಲ್ಲ.

ಇನ್ನೊಂದು ದೊಡ್ಡ ವಿಷಯ, ಬಿಸ್ಕತ್ತು ಜ್ಯೂಸು ಮನೇಲೇ ಇದ್ದು ಅವನಿಗೆ ಮಾತ್ರ ಇಲ್ಲ ಅಂದ್ರೆ ನಡೆಯಲ್ಲ. 2019ರಲ್ಲಿ ಅಮೆರಿಕದಲ್ಲಿ ಫ್ಯಾಟಿ ಲಿವರ್ ಇದ್ದ 40 ಗಂಡು ಮಕ್ಕಳ ಮೇಲೆ ಒಂದು ಅಧ್ಯಯನ ಬಂತು, 11ರಿಂದ 16 ವರ್ಷದವರು. ಅರ್ಧ ಜನರಿಗೆ 8 ವಾರ ಹೊರಗಿನ ಸಕ್ಕರೆ ಹೆಚ್ಚುಕಮ್ಮಿ ಪೂರ್ತಿ ತೆಗೆದಿದ್ರು, ಅವರ ಲಿವರ್ ಕೊಬ್ಬು ಶೇ. 25ರಿಂದ 17ಕ್ಕೆ ಇಳೀತು, ಮಾಮೂಲಿ ಊಟ ಮಾಡಿದವರದ್ದು 21ರಿಂದ 20ಕ್ಕೆ, ಅಂದ್ರೆ ಇಲ್ಲ ಅನ್ನೋಷ್ಟು. ಇದರಲ್ಲಿ ನನಗೆ ಮುಖ್ಯ ಅನ್ಸೋದು ಅವರು ಇದನ್ನ ಮಾಡಿದ ರೀತಿ, ಆ ಹುಡುಗರಿಗೆ ಮಾತ್ರ ಅಲ್ಲ, ಮನೆಮಂದಿಗೆಲ್ಲಾ ಅದೇ ಊಟ ಕೊಟ್ಟಿದ್ರು. ನಿಮ್ಮನೆಯವರಿಗೆ ಹೇಗೂ ಶುಗರ್ ಇದೆ, ಈ ಊಟ ಅವರಿಗೂ ಬೇಕಾದ್ದೇ. ಅತ್ತೆಯವರ ಹತ್ರ ಜಗಳ ಬೇಡ, ದುಡ್ಡು ಕೊಡೋದರ ಬದಲು ಸಂಜೆ ತಿಂಡಿ ಮಾಡೋ ಜವಾಬ್ದಾರಿ ಅವರಿಗೇ ಕೊಟ್ಟು ನೋಡಿ, ಮೊಮ್ಮಗನಿಗೆ ಪ್ರೀತಿ ತೋರಿಸೋಕೆ ಅವರಿಗೂ ಒಂದು ದಾರಿ ಬೇಕಲ್ವಾ.

ಆಟ ದಿನಕ್ಕೆ ಒಂದು ಗಂಟೆ, ಬೆವರು ಬರೋ ಹಾಗೆ, ತೂಕ ಇಳಿಯದಿದ್ರೂ ಲಿವರ್‌ಗೆ ಇದರಿಂದ ಲಾಭ ಇದೆ. ಟ್ಯೂಷನ್ ಒಂದು ಗಂಟೆ ಹಿಂದೆ ಮುಂದೆ ಮಾಡಿಯಾದ್ರೂ ಆಟ ಉಳಿಸಿ. ನಿದ್ದೆ 9 ಗಂಟೆಗಿಂತ ಕಮ್ಮಿ ಆಗಬಾರದು. ದಿನಾ ತೂಕ ನೋಡ್ಬೇಡಿ, ತಿಂಗಳಿಗೊಂದು ಸಲ ಸಾಕು. ಡುಮ್ಮ, ದಪ್ಪಣ್ಣ ಅನ್ನೋದು ಪ್ರೀತಿಯಿಂದಾದ್ರೂ ಇವತ್ತಿಂದ ನಿಲ್ಲಲಿ.

ಔಷಧಿ ಬಗ್ಗೆ ನೇರವಾಗಿ ಹೇಳ್ತೀನಿ. ಮಕ್ಕಳ ಫ್ಯಾಟಿ ಲಿವರ್‌ಗೆ ಅಂತ ಒಪ್ಪಿಗೆ ಪಡೆದ ಔಷಧಿ ಇವತ್ತಿಗೂ ಇಲ್ಲ. ವಿಟಮಿನ್ ಇ ಮತ್ತೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್‌ನ 173 ಮಕ್ಕಳಲ್ಲಿ ಪರೀಕ್ಷೆ ಮಾಡಿ 2011ರಲ್ಲಿ ಫಲಿತಾಂಶ ಕೊಟ್ರು, ಎಸ್‌ಜಿಪಿಟಿ ಇಳಿಸೋದರಲ್ಲಿ ಎರಡೂ ಔಷಧಿಯೇ ಇಲ್ಲದ ಹುಸಿ ಗುಳಿಗೆಗಿಂತ ಮೇಲಾಗಿ ಕಾಣಲಿಲ್ಲ, ಬಯಾಪ್ಸಿಯಲ್ಲಿ (ಲಿವರ್‌ನ ಸಣ್ಣ ಚೂರು ತೆಗೆದು ನೋಡೋ ಪರೀಕ್ಷೆ) ಉರಿಯೂತ ಖಚಿತ ಆದ ಕೆಲವರಿಗೆ ಮಾತ್ರ ವಿಟಮಿನ್ ಇ ಸ್ವಲ್ಪ ಸಹಾಯ ಮಾಡ್ತು. ಅದನ್ನೂ ಹೈ ಡೋಸ್‌ನಲ್ಲಿ ವರ್ಷಗಟ್ಟಲೆ ಕೊಡೋದು ಸಲೀಸಾದ ವಿಷಯ ಅಲ್ಲ, ತಜ್ಞರು ನೋಡಿಯೇ ನಿರ್ಧಾರ ಮಾಡ್ಬೇಕು. ಲಿವರ್ ಟಾನಿಕ್‌ನಿಂದ ಕೊಬ್ಬು ಕರಗಲ್ಲ, ಕೆಲವು ಸಿರಪ್‌ಗಳಲ್ಲಿ ಸಕ್ಕರೆಯೂ ಇರತ್ತೆ, ಲೇಬಲ್ ನೋಡಿ ಡಾಕ್ಟರ ಹತ್ರ ಇದು ಬೇಕೇ ಬೇಕಾ ಅಂತ ಕೇಳಿ. ನೆಲನೆಲ್ಲಿ ರಸ ನಾದಿನಿಯವರು ಪ್ರೀತಿಯಿಂದಲೇ ಹೇಳಿರ್ತಾರೆ, ಆದ್ರೆ ಎಸ್‌ಜಿಪಿಟಿ ಏರಿರೋ ಮಗುವಿಗೆ ಅಳತೆ ಗೊತ್ತಿಲ್ಲದ ಯಾವ ಸೊಪ್ಪಿನ ರಸವನ್ನೂ ನಾನು ಒಪ್ಪಲ್ಲ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಕುಡಿದವರಲ್ಲಿ ಲಿವರ್‌ಗೆ ಪೆಟ್ಟಾದ ಕೇಸ್‌ಗಳನ್ನ ಮುಂಬೈ ಡಾಕ್ಟರುಗಳು ವರದಿ ಮಾಡಿದ್ರು, ಇದಕ್ಕಿಂತ ದೊಡ್ಡ ತೊಂದರೆ ಅಂದ್ರೆ ಆಮೇಲೆ ಎಸ್‌ಜಿಪಿಟಿ ಏರಿದ್ರೆ ಅದು ಕಾಯಿಲೆಯಿಂದನಾ ಕಷಾಯದಿಂದನಾ ಅಂತ ನಮಗೆ ಗೊತ್ತಾಗಲ್ಲ.

ಅನ್ನ ಚಪಾತಿ ಬಹುತೇಕ ಬಿಡಿಸೋ ಕೀಟೋ, ಉಪವಾಸದ ಡಯಟ್ಟು, ಒಂದು ತಿಂಗಳಿಗೆ ಇಷ್ಟು ಕೆ.ಜಿ. ಅನ್ನೋ ಪ್ಯಾಕೇಜುಗಳು 11 ವರ್ಷದ ಮಗುವಿಗೆ ಬೇಡವೇ ಬೇಡ. ಎತ್ತರ ಬೆಳೆಯೋ ವಯಸ್ಸಿದು, ತೂಕ ಸರ್ರಂತ ಇಳಿದ್ರೆ ಪಿತ್ತಕೋಶದಲ್ಲಿ ಕಲ್ಲಾಗಬಹುದು, ಬಿಟ್ಟ ಮೇಲೆ ತೂಕ ವಾಪಸ್ ಬರತ್ತೆ, ಬಚ್ಚಿಟ್ಟು ತಿನ್ನೋದು ಇನ್ನೂ ಹೆಚ್ಚತ್ತೆ. ತೂಕ ಇಳಿಸೋ ಇಂಜೆಕ್ಷನ್ ಬಗ್ಗೆ ಈಗ ಎಲ್ಲಾ ಕಡೆ ಮಾತಿದೆ, ಅದು ಕೆಲವು ದೇಶಗಳಲ್ಲಿ 12 ವರ್ಷ ದಾಟಿದ, ಬೊಜ್ಜು ಬಹಳ ಇರೋ ಮಕ್ಕಳಿಗೆ ಇದೆ, ನಿಮ್ಮ ಮಗನಿಗೆ ಈಗ ಅದರ ಪ್ರಶ್ನೆ ಬರಲ್ಲ. ನಾನು ಹೇಳಿದ ದಾರಿಗೂ ಒಂದು ತೊಂದರೆ ಇದೆ, ನಿಧಾನ, ಬೇಸಿಗೆ ರಜೆಯಲ್ಲಿ ನೆಂಟರ ಮನೆಗೆ ಹೋಗಿ ಬಂದ್ರೆ ಮಾಡಿದ್ದೆಲ್ಲಾ ಹಿಂದೆ ಹೋದಂಗೆ ಅನ್ಸತ್ತೆ. ಹಾಗಾದಾಗ ಬೈಯದೇ ಮರುದಿನ ನಾಲ್ಕೂವರೆ ತಿಂಡಿಯಿಂದ ಮತ್ತೆ ಶುರು ಮಾಡಿ.

ಮೂರು ತಿಂಗಳು ಇಷ್ಟು ಮಾಡಿ ಎಸ್‌ಜಿಪಿಟಿ ಮತ್ತೆ ನೋಡಿಸಿ. ಮೇಲೆ ಹೇಳಿದ ಬೇರೆ ಕಾರಣಗಳ ಪರೀಕ್ಷೆಗಳನ್ನ ಮಾತ್ರ ಮೂರು ತಿಂಗಳು ಕಾಯದೇ ಈಗಲೇ ಮಾಡಿಸಿ, ಸಾಧ್ಯ ಆದ್ರೆ ಮಕ್ಕಳ ಲಿವರ್ ನೋಡೋ ತಜ್ಞರ ಹತ್ರ. ಮೂರು ತಿಂಗಳ ಮೇಲೂ 52ರ ಮೇಲೇ ನಿಂತಿದ್ರೆ, ಅಂದ್ರೆ 26ರ ಎರಡು ಪಟ್ಟು, ಅಥವಾ ಮಧ್ಯದಲ್ಲಿ 80 ದಾಟಿದ್ರೆ ಮುಂದಿನ ತಪಾಸಣೆ ಬೇಕಾಗತ್ತೆ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಫೈಬ್ರೋಸ್ಕ್ಯಾನ್, ಕೆಲವರಿಗೆ ಬಯಾಪ್ಸಿ. ಹೆಪಟೈಟಿಸ್ ಎ ಮತ್ತು ಬಿ ಲಸಿಕೆ ಆಗಿದೆಯಾ ಅಂತ ಕಾರ್ಡ್ ತೆಗೆದು ನೋಡಿ. ಕಣ್ಣು ಹಳದಿ ಆಗೋದು, ಹೊಟ್ಟೆ ಊದೋದು, ಮೈ ತುಂಬಾ ಕಡಿತ, ಸುಮ್ಮನೆ ಮುಟ್ಟಿದ್ರೂ ಕಂದುಗಟ್ಟೋದು, ರಕ್ತ ವಾಂತಿ, ಮಲ ಡಾಂಬರಿನಷ್ಟು ಕಪ್ಪಾಗೋದು, ಮಂಕಾಗಿ ತೂಕಡಿಸೋದು, ಇದರಲ್ಲಿ ಯಾವುದು ಕಂಡ್ರೂ ಅಪಾಯಿಂಟ್‌ಮೆಂಟ್‌ಗೆ ಕಾಯ್ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.